ವೀಲರ್ ಅಗೆದ ಇನ್ನೊಂದು ಗುಡ್ಡ

ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ಕಡಲತೀರದ ಊರುಗಳನ್ನೂ ಚರ್ಚುಗಳನ್ನೂ ನೋಡಿದೆವು. ಚೆನ್ನಾಗಿಯೇ ಇದ್ದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಒಳನಾಡಿನ ಯುಯೆಲ್‌ಗ್ವಾತ್ ಎಂಬ ಪುಟ್ಟ ಪಟ್ಟಣ.

ಮನೆಗಳು ಕೆರೆಯ ದಡಕ್ಕೇ ಬಂದು ನಿಂತಿವೆ. ಸುಮಾರು 15 ಹೆಕ್ಟೇರಿನ ಈ ಕೆರೆ ತಾನಾಗಿ ಆದದ್ದಲ್ಲ. ಹತ್ತಿರದ ಸೀಸ, ಬೆಳ್ಳಿಯ ಗಣಿಗಳಿಗೆ ನೀರು ಒದಗಿಸಲು 18ನೇ ಶತಮಾನದಲ್ಲಿ ಹೊಳೆಗೆ ಅಡ್ಡಕಟ್ಟೆ ಹಾಕಿ ಮಾಡಿದ್ದು. ಗಣಿಯ ಕಾಲುವೆ ಕಾಡಿನೊಳಗೆ ಇಂದಿಗೂ ಇದೆ, ಅದರ ದಂಡೆಯೇ ಕಾಲುದಾರಿ. ಕೆರೆ ಏರಿಯ ಮೇಲೆ ನಡೆದು ಬೆಳೆದವರು ಈ ದಾರಿಯನ್ನು ಬಿಡಬಾರದು.

ಕೆರೆಯಿಂದ ಹೊರಬಿದ್ದ ನೀರು ‘ಬೆಳ್ಳಿ ಹೊಳೆ’ಯಾಗಿ ಹಳೆಯ ಗಿರಣಿಯ ಬಳಿ ಬಂಡೆಗಳ ರಾಶಿಯೊಳಗೆ ಮಾಯವಾಗುತ್ತದೆ. ನೆಲದಾಳದಲ್ಲಿ ಬಿರುಕುಬಿಟ್ಟ ಗ್ರಾನೈಟಿನ ಅಂಚುಗಳು ಸವೆದು, ಸುತ್ತಲಿನ ಪುಡಿಮಣ್ಣು ಕೊಚ್ಚಿಹೋಗಿ ಉಳಿದ ಉಂಡೆಗಲ್ಲುಗಳಿವು. ಇವುಗಳಲ್ಲೊಂದು 137 ಟನ್ ತೂಗುತ್ತದೆಯಂತೆ. ಸರಿಯಾದ ಜಾಗದಲ್ಲಿ ಬೆನ್ನು ಕೊಟ್ಟು ಒತ್ತಿದರೆ ಅಲುಗುತ್ತದೆ. ‘ಸೈತಾನನ ಗುಹೆ’ಗೆ ಇಳಿಯಲು ಕಬ್ಬಿಣದ ಏಣಿಯಿದೆ. ಯಾವ ಚಪ್ಪಲಿಯಾದರೂ ಸಾಕು ಎಂದು ನಾವು ತಂಗಿದ್ದ ಮನೆಯವರು ಹೇಳಿದ್ದರು. ಮಳೆಗೆ ನೆನೆದ ಮೆಟ್ಟಿಲಲ್ಲಿ ಅಕ್ಕನ ಮಗಳು ಜಾರಿ ಮಂಡಿ ತರಚಿಕೊಂಡಳು. ಹಿಡಿತವಿರುವ ಶೂ ಇಲ್ಲದೆ ಅಲ್ಲಿಗೆ ಇಳಿಯಲೇಬೇಡಿ.

ಕಾಡಿನ ಮೇಲ್ಭಾಗದಲ್ಲಿ ಸುಮಾರು 30 ಹೆಕ್ಟೇರಿನ ಕೋಟೆಯಿದೆ. ಜನ ಅದನ್ನು ಆರ್ಥರ್ ದೊರೆಯ ಶಿಬಿರ ಎನ್ನುತ್ತಾರೆ. ಆ ಹೆಸರು ನನಗೆ ಹಿಡಿಸಲಿಲ್ಲ. ಕಟ್ಟಿದವರು ರೋಮನ್ನರಿಗೂ ಮುಂಚಿನ ಗಾಲ್ ಜನ, ಹೊಗಳಿಕೆ ಮಾತ್ರ ಕಥೆಯ ದೊರೆಗೆ. ಮರದ ತೊಲೆಗಳನ್ನು ಅಡ್ಡ ಉದ್ದ ಜೋಡಿಸಿ, ಕಬ್ಬಿಣದ ಮೊಳೆ ಹೊಡೆದು, ಕಲ್ಲು ಮಣ್ಣು ತುಂಬಿದ ಗೋಡೆ ಅವರದು. 1938ರಲ್ಲಿ ಅದನ್ನು ಅಗೆದು ತೋರಿಸಿದವರು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್.

ಆ ಹೆಸರು ಕೇಳಿ ನಿಂತುಬಿಟ್ಟೆ. ನಾನು ಮೊಳಕಾಲ್ಮುರು ಕಡೆಯವನು. 1947ರಲ್ಲಿ ನಮ್ಮ ಬ್ರಹ್ಮಗಿರಿಯನ್ನೂ ಚಿತ್ರದುರ್ಗದ ಚಂದ್ರವಳ್ಳಿಯನ್ನೂ ಅಗೆದವರು ಅವರೇ. ಅಲ್ಲಿಯೂ ಬಂಡೆಗಳ ನಡುವೆಯೇ ಕೆಲಸ. ಗೋಡೆಯ ದಿಬ್ಬವನ್ನು ಮುಟ್ಟಿದಾಗ ಕಣ್ಣು ತುಂಬಿ ಬಂತು.

ನಾಯಿಯೊಂದಿಗೆ ಬಂದಿದ್ದ ಹಿರಿಯರೊಬ್ಬರು ಏನಾಯಿತೆಂದು ಕೇಳಿದರು. ರೆನ್ ನಗರದಲ್ಲಿ ಓದುವ ಅಕ್ಕನ ಮಗಳು ಫ್ರೆಂಚಿನಲ್ಲಿ ವಿವರಿಸಿದಳು. ಅವರು ಹೇಳಿದ್ದು 1987ರ ಅಕ್ಟೋಬರ್ ಬಿರುಗಾಳಿಯ ಕಥೆ. “ಒಂದೇ ರಾತ್ರಿಯಲ್ಲಿ ಕಾಡು ಮಲಗಿಬಿಟ್ಟಿತು. ಬೆಳಿಗ್ಗೆ ಬಂದರೆ ನನಗೆ ಗೊತ್ತಿದ್ದ ದಾರಿಯೇ ಇಲ್ಲ. ಈಗ ನೀವು ನೋಡುತ್ತಿರುವ ಬಹುಪಾಲು ಮರಗಳು ನನಗಿಂತ ಚಿಕ್ಕವು” ಎಂದರು. ಆಮೇಲೆ, “ನಿಮ್ಮ ಬೆಟ್ಟದಲ್ಲಿ ಅವರಿಗೆ ಏನು ಸಿಕ್ಕಿತು?” ಎಂದು ಕೇಳಿದರು.

ಅಶೋಕನ ಶಾಸನವಿರುವ ಆ ಜಾಗದಲ್ಲಿ, ಕಲ್ಲಿನ ಕೊಡಲಿ ಬಳಸಿದವರ ಪದರದ ಮೇಲೆ ಕಬ್ಬಿಣ ಬಲ್ಲ ಬೃಹತ್‌ಶಿಲಾ ಸಮಾಧಿಗಳವರ ಪದರ, ಅದರ ಮೇಲೆ ಸಾತವಾಹನರ ಕಾಲದ್ದು ಎಂದೆ. ಮೊಬೈಲಿನಲ್ಲಿದ್ದ ಬ್ರಹ್ಮಗಿರಿಯ ಚಿತ್ರವನ್ನು ಬಹಳ ಹೊತ್ತು ನೋಡಿದರು. ಯಾವಾಗ ಬರಬಹುದು ಎಂದು ಕೇಳಿದರು. ಡಿಸೆಂಬರಿನಲ್ಲಿ ಬನ್ನಿ, ಬೇಸಿಗೆಯಲ್ಲಿ ಮಾತ್ರ ಬೇಡ, ಬಂಡೆ ಕಾದು ಕಾಲಿಡಲಾಗುವುದಿಲ್ಲ ಎಂದೆ.