ಡಿ'ಸೋಜಾ ಅಂತ ಹುಡುಕಿದರೆ ಎರರ್

ಸಪೋರ್ಟ್ ಟಿಕೆಟ್‌ನಲ್ಲಿ ಇದ್ದದ್ದು ಒಂದೇ ಸಾಲು: "ಕೆಲವು ಸದಸ್ಯರ ಹೆಸರು ಹುಡುಕಿದರೆ ಎರರ್ ಬರುತ್ತಿದೆ." ನಮ್ಮದು ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ಸದಸ್ಯರ ಪಟ್ಟಿ, ಷೇರು, ಸಾಲ, ಕಂತು, ಡಿವಿಡೆಂಡ್ ಎಲ್ಲ ಅದರಲ್ಲೇ. ಟಿಕೆಟ್ ಬಂದದ್ದು ಮಂಗಳೂರು ಕಡೆಯ ಒಂದು ಸಂಘದಿಂದ. ಜೊತೆಗೆ ಕಳಿಸಿದ್ದ ಫೋಟೋದಲ್ಲಿ ಡೇಟಾಬೇಸ್‌ನ ಎರರ್ ಹಾಗೇ ಕಾಣುತ್ತಿತ್ತು: "ಸೋಜಾ" ಹತ್ತಿರ ಸಿಂಟ್ಯಾಕ್ಸ್ ಎರರ್.

ಆ "ಕೆಲವರು" ಯಾರು ಅಂತ ಅಲ್ಲೇ ಗೊತ್ತಾಯಿತು. ಡಿ'ಸೋಜಾ, ಡಿ'ಸಿಲ್ವಾ, ಡಿ'ಕೋಸ್ಟಾ. ಆ ಕಡೆ ಇವೇನೂ ಅಪರೂಪದ ಹೆಸರುಗಳಲ್ಲ. ಆದರೂ ಟಿಕೆಟ್ ಮೇಲೆ "ಲೋ ಪ್ರಯಾರಿಟಿ" ಅಂತ ಇತ್ತು. ಮಧ್ಯದ ಕೋಟ್ ಬಿಟ್ಟು ಟೈಪ್ ಮಾಡಲು ಹೇಳಿ ಅಂತ ಯಾರೋ ಕೆಳಗೆ ಬರೆದೂ ಇದ್ದರು. ನಾನು ಅದನ್ನು ಸೆಕ್ಯುರಿಟಿ ಟಿಕೆಟ್ ಮಾಡಿ ಪಟ್ಟಿಯ ಮೇಲಕ್ಕೆ ಹಾಕಿದೆ.

ಯಾಕೆ ಅಂದರೆ, ಕೋಡ್‌ನಲ್ಲಿ ಕ್ವೆರಿಯನ್ನು, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನು, ಅಂಟಿಸಿ ಅಂಟಿಸಿ ಕಟ್ಟಿದ್ದರು. ಹೆಸರು = ' ಅಂತ ಒಂದು ತುಂಡು, ಬಳಕೆದಾರರು ಟೈಪ್ ಮಾಡಿದ್ದು, ಕೊನೆಗೆ ಇನ್ನೊಂದು '. ರಮೇಶ ಅಂತ ಹಾಕಿದರೆ ಏನೂ ತೊಂದರೆ ಇಲ್ಲ. ಡಿ'ಸೋಜಾ ಹಾಕಿದರೆ ಡೇಟಾಬೇಸ್‌ಗೆ ಕಾಣುವುದು ಹೆಸರು = 'ಡಿ'ಸೋಜಾ'. ಅದರ ಪ್ರಕಾರ ಹೆಸರು 'ಡಿ' ಅಂತ ಮುಗಿಯಿತು, ಆಮೇಲಿನ ಸೋಜಾ ಅಂದರೇನು ಅಂತ ಗೊತ್ತಾಗದೆ ನಿಲ್ಲುತ್ತದೆ. ಪಾಪ, ಡಿ'ಸೋಜಾ ಅವರು ತಮ್ಮ ಹೆಸರು ತಾವು ಬರೆದದ್ದು ಅಷ್ಟೇ. ಬೇಕಂತಲೇ ಬರೆಯುವವನು ಎಕ್ಸ್' ಆರ್ '1'='1 ಅಂತ ಹಾಕುತ್ತಾನೆ. ಇಲ್ಲಿ ಆರ್ ಅಂದರೆ "ಅಥವಾ". ಆಗ ಎರರ್ ಬರಲ್ಲ. ಒಂದಕ್ಕೆ ಒಂದು ಯಾವಾಗಲೂ ಸಮ ಅಲ್ವಾ, ಸಂಘದ ಎಲ್ಲ ಸದಸ್ಯರ ಪಟ್ಟಿಯೂ ಪರದೆ ಮೇಲೆ ಬಂದು ಕೂರುತ್ತದೆ. ಇದಕ್ಕೇ ಎಸ್‌ಕ್ಯೂಎಲ್ ಇಂಜೆಕ್ಷನ್ ಅನ್ನುತ್ತಾರೆ.

ಟೀಮಿನ ಹೊಸ ಹುಡುಗ ತಕ್ಷಣ ಒಂದು ದಾರಿ ಹೇಳಿದ. "ಮೇಡಂ, ಒಂದು ಕೋಟ್ ಇರುವಲ್ಲಿ ಎರಡು ಮಾಡಿದರೆ ಸಾಕಲ್ವಾ?" ಡಿ'ಸೋಜಾ ಮಟ್ಟಿಗೆ ಸಾಕು, ಎರಡು ಕೋಟ್ ಒಟ್ಟಿಗೆ ಕಂಡರೆ ಡೇಟಾಬೇಸ್ ಅದನ್ನು ಹೆಸರಿನೊಳಗಿನ ಒಂದು ಕೋಟ್ ಅಂತ ಓದುತ್ತದೆ. ಸದಸ್ಯರ ನಂಬರ್ ಕೇಳುವ ಪರದೆ ತೆಗೆದು ತೋರಿಸಿದೆ. ನಂಬರ್‌ಗೆ ಸುತ್ತ ಕೋಟ್ ಹಾಕಿರಲಿಲ್ಲ. ಅಲ್ಲಿ 105 ಆರ್ 1=1 ಅಂತ ಬರೆದರೆ ಎರಡು ಮಾಡಲು ಕೋಟೇ ಇಲ್ಲ. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ನಲ್ಲಿ ಇನ್ನೂ ಒಂದು ಕಿತಾಪತಿ ಇದೆ. ಅದು ಮಾಮೂಲಿ ಸೆಟ್ಟಿಂಗ್‌ನಲ್ಲಿ \' ಅನ್ನೋದನ್ನು ಬರೀ ಅಕ್ಷರದಂತೆ ಓದುತ್ತದೆ. ನೀವು ಕೋಟ್ ಎರಡು ಮಾಡಿದರೆ \'' ಆಗುತ್ತದೆ. ಮೊದಲನೆಯದು ಅಕ್ಷರ, ಎರಡನೆಯದು ಹೆಸರನ್ನು ಮುಗಿಸುತ್ತದೆ. ಹಾಕಿದ ಬೀಗವೇ ಬಾಗಿಲು ತೆಗೆದ ಹಾಗೆ.

ಸರಿಯಾದ ದಾರಿ ಎಲ್ಲರೂ ಕೇಳಿರುವುದೇ: ಪ್ಯಾರಾಮೀಟರ್. ಕ್ವೆರಿಯಲ್ಲಿ ಹೆಸರಿನ ಜಾಗ ಖಾಲಿ ಬಿಡುವುದು, ಹೆಸರನ್ನು ಬೇರೆಯಾಗಿ ಕಳಿಸುವುದು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಇದಕ್ಕೆ ಪಾರ್ಸ್ (ಕ್ವೆರಿ ಓದಿಕೊಳ್ಳುವುದು), ಬೈಂಡ್ (ಖಾಲಿ ಜಾಗಕ್ಕೆ ಹೆಸರು ಜೋಡಿಸುವುದು), ಎಕ್ಸಿಕ್ಯೂಟ್ (ಓಡಿಸುವುದು) ಅಂತ ಮೂರು ಹೆಜ್ಜೆ. ಪಾರ್ಸ್ ಆಗುವಾಗಲೇ ಕ್ವೆರಿಯ ಅರ್ಥ ತೀರ್ಮಾನವಾಗಿರುತ್ತದೆ, ಹೆಸರು ಬರುವುದು ಆಮೇಲೆ. ಸರ್ಕಾರಿ ಅರ್ಜಿಯ ಹೆಸರಿನ ಕಾಲಂನಲ್ಲಿ "ಈ ಅರ್ಜಿ ಮಂಜೂರಾಗಿದೆ" ಅಂತ ಬರೆದುಕೊಟ್ಟರೆ ಗುಮಾಸ್ತರು ಅದನ್ನು ಒಂದು ವಿಚಿತ್ರ ಹೆಸರು ಅಂತಲೇ ಓದುತ್ತಾರೆ, ಅಲ್ವಾ? ಹಾಗೆ.

ಇಲ್ಲೂ ಕಣ್ಣು ತಪ್ಪುವ ಜಾಗ ಇದೆ. ಪೈಥಾನ್ ಭಾಷೆಯಲ್ಲಿ ಪೋಸ್ಟ್‌ಗ್ರೆಸ್ ಜೊತೆ ಮಾತಾಡಲು ಸೈಕೋಪಿಜಿ ಅನ್ನುವ ಲೈಬ್ರರಿ ಬಳಸುವವರು ಖಾಲಿ ಜಾಗಕ್ಕೆ ಶೇಕಡಾ ಚಿಹ್ನೆ ಮತ್ತು ಎಸ್ ಬರೆಯುತ್ತಾರೆ. ಕ್ವೆರಿ ಆದಮೇಲೆ ಅಲ್ಪವಿರಾಮ ಹಾಕಿ ಹೆಸರು ಕೊಟ್ಟರೆ ಅದು ಪ್ಯಾರಾಮೀಟರ್. ಅಲ್ಪವಿರಾಮದ ಬದಲು ಶೇಕಡಾ ಚಿಹ್ನೆ ಬಿದ್ದರೆ ಪೈಥಾನೇ ಎರಡನ್ನೂ ಅಂಟಿಸಿ ಕಳಿಸುತ್ತದೆ. ವ್ಯತ್ಯಾಸ ಒಂದೇ ಚಿಹ್ನೆ. ಶೇಕಡಾ ಚಿಹ್ನೆ ಮತ್ತು ಎಸ್ ಸುತ್ತ ಕೋಟ್ ಬರೆದಿದ್ದರೆ ಅಂಟಿಸಿದ ಕ್ವೆರಿಯೂ ಟೆಸ್ಟ್‌ನಲ್ಲಿ ಪಾಸ್ ಆಗಬಹುದು. ನಮ್ಮ ಟೆಸ್ಟ್ ಡೇಟಾದಲ್ಲಿ ಇದ್ದವರೆಲ್ಲ ರಮೇಶ, ಸುರೇಶ, ಟೆಸ್ಟ್ 1. ಈಗ ಅಲ್ಲಿ ಕೋಟ್ ಇರುವ ಹೆಸರು ಕಡ್ಡಾಯ.

ಹುಡುಕಾಟ ಸರಿಯಾಯಿತು. ಸ್ವಲ್ಪ ದಿನಕ್ಕೆ ಡಿವಿಡೆಂಡ್ ರಿಪೋರ್ಟ್ ಅದೇ ಹೆಸರಿಗೆ ಬಂದು ನಿಂತಿತು. ಅಲ್ಲಿ ಯಾರೂ ಏನೂ ಟೈಪ್ ಮಾಡುವುದಿಲ್ಲ. ರಾತ್ರಿ ತಾನೇ ಓಡುವ ಸ್ಕ್ರಿಪ್ಟ್ ಅದು. ಟೇಬಲ್‌ನಿಂದ ಹೆಸರು ಓದಿ, ಮುಂದಿನ ಕ್ವೆರಿಗೆ ಅಂಟಿಸುತ್ತಿತ್ತು. ನಮ್ಮದೇ ಡೇಟಾಬೇಸ್‌ನಿಂದ ಬಂದದ್ದು, ಅದನ್ನೇಕೆ ಅನುಮಾನಿಸಬೇಕು ಅನ್ನುವ ಲೆಕ್ಕ. ಆದರೆ ಆ ಟೇಬಲ್‌ಗೆ ಹೆಸರು ಹೋದದ್ದು ಯಾರೋ ತುಂಬಿದ ಫಾರ್ಮ್‌ನಿಂದಲೇ. ಸೇರಿಸುವಾಗ ಎಷ್ಟೇ ಜಾಗ್ರತೆ ಮಾಡಿ, ತೆಗೆದು ಬಳಸುವಾಗ ಮತ್ತೆ ಜಾಗ್ರತೆ ಬೇಕು.

ನಿಜವಾದ ತಲೆನೋವು ಪ್ಯಾರಾಮೀಟರ್ ಹೋಗಲಾರದ ಜಾಗದಲ್ಲಿ. ಕಾಲಂ ತಲೆ ಒತ್ತಿದರೆ ಪಟ್ಟಿ ಅದರ ಪ್ರಕಾರ ಸಾರ್ಟ್ ಆಗಬೇಕು, ಸರಿ. ಕಾಲಂ ಹೆಸರನ್ನು ಪ್ಯಾರಾಮೀಟರ್ ಆಗಿ ಕೊಟ್ಟರೆ ಡೇಟಾಬೇಸ್ ಅದನ್ನು ಬರೀ ಒಂದು ಪದ ಅಂದುಕೊಳ್ಳುತ್ತದೆ. ಕೆಲವು ಕಡೆ ಎರರ್. ಕೆಲವು ಕಡೆ ಎರರೂ ಇಲ್ಲ, ಸಾರ್ಟೂ ಇಲ್ಲ. ಸಂಜೆಯೊಳಗೆ ಮುಗಿಸಬೇಕಾದವರು ಬೇಸತ್ತು ಮತ್ತೆ ಅಂಟಿಸುತ್ತಾರೆ. ಬೇರೆಯವರ ಕೋಡ್ ಓದಿ ನೋಡುವ ರಿವ್ಯೂನಲ್ಲಿ ನಾನು ಹಿಡಿದದ್ದರಲ್ಲಿ ಜಾಸ್ತಿ ಇಂಥವೇ. ಇದಕ್ಕೆ ನಾವು ಕೋಡ್‌ನಲ್ಲೇ ಒಂದು ಪಟ್ಟಿ ಇಟ್ಟೆವು. ಪರದೆಯಿಂದ "ಹೆಸರು" ಅಂತ ಬಂದರೆ ಈ ಕಾಲಂ, "ದಿನಾಂಕ" ಅಂತ ಬಂದರೆ ಆ ಕಾಲಂ, ಬೇರೇನೇ ಬಂದರೂ ಸದಸ್ಯ ನಂಬರ್. ಏರಿಕೆ, ಇಳಿಕೆಗೂ ಅದೇ. ಕಾಲಂ ಹೆಸರಿಗೆ ಸರಿಯಾಗಿ ಕೋಟ್ ಹಾಕಿಕೊಡುವ ಸೌಲಭ್ಯ ಸೈಕೋಪಿಜಿಯಲ್ಲಿ ಇದೆ, ನಿಜ. ಆದರೆ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್ ಅನ್ನು ಗುರುತು ಸಿಗದಂತೆ ಬದಲಿಸಿ ಇಟ್ಟದ್ದು) ಕಾಲಂ ಪ್ರಕಾರ ಸಾರ್ಟ್ ಮಾಡು ಅಂತ ಕೇಳಿದರೂ ಅದು ಮಾಡಿಕೊಡುತ್ತದೆ. ಪಟ್ಟಿ ಇರುವುದೇ ವಾಸಿ.

ಟಿಕ್ ಮಾಡಿದ ಸದಸ್ಯರನ್ನಷ್ಟೇ ತೋರಿಸುವ ಪರದೆಗೆ ನಂಬರ್‌ಗಳನ್ನು ಸೇರಿಸಿ ಅಂಟಿಸುವ ಬದಲು, ಪೋಸ್ಟ್‌ಗ್ರೆಸ್‌ನಲ್ಲಿ ನಂಬರ್‌ಗಳ ಇಡೀ ಪಟ್ಟಿಯನ್ನು (ಅರೇ) ಒಂದೇ ಪ್ಯಾರಾಮೀಟರ್ ಆಗಿ ಕಳಿಸಬಹುದು. ಹೆಸರಿನ ಒಂದು ಭಾಗ ಕೊಟ್ಟು ಹುಡುಕುವ ಲೈಕ್ ಹುಡುಕಾಟದಲ್ಲಿ ಶೇಕಡಾ ಚಿಹ್ನೆಗೆ "ಏನಿದ್ದರೂ ಸರಿ" ಅಂತ ಅರ್ಥ, ಸುಮ್ನೆ ಅದನ್ನು ಟೈಪ್ ಮಾಡಿದರೆ ಎಲ್ಲರೂ ಬರುತ್ತಾರೆ. ಅದು ಇಂಜೆಕ್ಷನ್ ಅಲ್ಲ, ಆದರೂ ತಡೆಯಬೇಕು.

ಮ್ಯಾನೇಜರ್‌ಗೆ ಹಳೇ ರಿಪೋರ್ಟ್ ಸ್ಕ್ರಿಪ್ಟ್‌ಗಳನ್ನೂ ತಿದ್ದಲು ಸಮಯ ಕೇಳಿದೆ. "ಇದೆಲ್ಲ ಹಳೇ ಕಾಲದ ಅಟ್ಯಾಕ್, ಈಗ ಫ್ರೇಮ್‌ವರ್ಕ್ ನೋಡಿಕೊಳ್ಳುತ್ತೆ" ಅಂದರು. ಹಳೇದು ಅನ್ನೋದು ನಿಜ. ಸೆಕ್ಯುರಿಟಿ ತಜ್ಞ ಜೆಫ್ ಫಾರಿಸ್ಟಾಲ್ ಇದರ ಬಗ್ಗೆ ಫ್ರ್ಯಾಕ್ ಅನ್ನುವ ಹ್ಯಾಕರ್‌ಗಳ ಪತ್ರಿಕೆಯಲ್ಲಿ ಬರೆದದ್ದು 1998ರ ಡಿಸೆಂಬರ್‌ನಲ್ಲಿ. ಆದರೆ 2023ರಲ್ಲಿ ಮೂವಿಟ್ ಅನ್ನುವ ಫೈಲ್ ಕಳಿಸುವ ಸಾಫ್ಟ್‌ವೇರ್ ಮೂಲಕ ಕ್ಲಾಪ್ ಅನ್ನುವ ಸೈಬರ್ ಅಪರಾಧಿಗಳ ಗುಂಪು ನೂರಾರು ಸಂಸ್ಥೆಗಳ ಡೇಟಾ ಕದ್ದದ್ದು ಇದೇ ಬಗೆಯ ತೂತಿನಿಂದ. ಮ್ಯಾನೇಜರ್‌ಗೆ ನಾಟಿದ್ದು ಟಾಕ್‌ಟಾಕ್ ಕಥೆ. ಬ್ರಿಟನ್ನಿನ ಆ ಟೆಲಿಕಾಂ ಕಂಪನಿ, ಟಿಸ್ಕಾಲಿ ಅನ್ನುವ ಇಂಟರ್ನೆಟ್ ಕಂಪನಿಯ ಅಲ್ಲಿನ ವ್ಯವಹಾರ ಕೊಂಡಾಗ ಕೆಲವು ಹಳೇ ವೆಬ್ ಪುಟಗಳೂ ಜೊತೆಗೆ ಬಂದಿದ್ದವು. ಅವು ಇನ್ನೂ ಓಡುತ್ತಿವೆ ಅನ್ನೋದೇ ಕಂಪನಿಗೆ ಗೊತ್ತಿರಲಿಲ್ಲ. 2015ರಲ್ಲಿ ಅಲ್ಲಿಂದಲೇ ಸುಮಾರು 1,57,000 ಗ್ರಾಹಕರ ವಿವರ ಹೋಯಿತು. ಮರುವರ್ಷ 4 ಲಕ್ಷ ಪೌಂಡ್ ದಂಡ. ನಮ್ಮಲ್ಲೂ ಯಾರದು ಅಂತ ಗೊತ್ತಿಲ್ಲದ ಸ್ಕ್ರಿಪ್ಟ್‌ಗಳು ಸರ್ವರ್‌ನಲ್ಲಿ ಇದ್ದವು. ಸಮಯ ಸಿಕ್ಕಿತು.

ಆ ಸ್ಕ್ರಿಪ್ಟ್‌ಗಳನ್ನು ತಿದ್ದುವಾಗ ಕಂಡದ್ದು ಇನ್ನೊಂದು: ಎಲ್ಲವೂ ಡೇಟಾಬೇಸ್‌ನ ಓನರ್ ಲಾಗಿನ್‌ನಿಂದಲೇ ಓಡುತ್ತಿದ್ದವು. ಬರೀ ಓದುವ ರಿಪೋರ್ಟ್‌ಗೆ ಟೇಬಲ್ ಅಳಿಸುವ ಅಧಿಕಾರ ಯಾಕೆ? ರಿಪೋರ್ಟ್‌ಗಳಿಗೆ ಓದಲು ಮಾತ್ರ ಬಿಡುವ ಲಾಗಿನ್ ಮಾಡಿಕೊಟ್ಟೆವು. ವರ್ಷಾಂತ್ಯದ ಸ್ಕ್ರಿಪ್ಟ್ ಮಾತ್ರ ಮಧ್ಯೆ ತನ್ನದೇ ಟೇಬಲ್ ಕಟ್ಟಿ ಆಮೇಲೆ ಅಳಿಸುತ್ತದೆ. ಅದನ್ನು ಬೇರೆ ಸ್ಕೀಮಾಗೆ (ಡೇಟಾಬೇಸ್‌ನೊಳಗಿನ ಪ್ರತ್ಯೇಕ ವಿಭಾಗಕ್ಕೆ) ಸಾಗಿಸುವ ಕೆಲಸ ಇನ್ನೂ ನಡೆಯುತ್ತಿದೆ.