ಟೆಲಿಫೋನ್ ಬೂತಿನಲ್ಲಿ ಸಿಕ್ಕ ಹೆಸರು

ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಸರಿ ಮಾಡಿಸಲು ಮೂರನೇ ಸಲ ಬಂದು ಕೂತಿದ್ದೇನೆ. ಸುಮ್ನೆ ಕೂತಾಗ ಬ್ರಿಟಿಷ್ ಸಿನಿಮಾ ನಟ ಮೈಕೆಲ್ ಕೇನ್ ನೆನಪಾದರು.

1933ರಲ್ಲಿ ಲಂಡನ್ನಿನ ಬಡ ಮನೆಯೊಂದರಲ್ಲಿ ಹುಟ್ಟಿದಾಗ ಅವರು ಮೋರಿಸ್ ಮಿಕಲ್‌ವೈಟ್. ಅಪ್ಪ ಬಿಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು, ಅಮ್ಮ ಮನೆಗೆಲಸಕ್ಕೆ ಹೋಗುತ್ತಿದ್ದರು. ಹುಡುಗ ಕೊರಿಯಾ ಯುದ್ಧವನ್ನೂ ನೋಡಿ ಬಂದ. ಆಮೇಲೆ ನಾಟಕ, ಪುಡಿ ಪಾತ್ರಗಳು. ಒಂದು ದಿನ ಲೆಸ್ಟರ್ ಸ್ಕ್ವೇರ್‌ನ ಬೂತಿನಿಂದ ಏಜೆಂಟ್‌ಗೆ ಫೋನ್ ಮಾಡಿದರೆ, ಈಗಲೇ ಹೊಸ ಹೆಸರು ಬೇಕು ಅಂದರಂತೆ. ಎದುರಿನ ಥಿಯೇಟರಿನಲ್ಲಿ 'ದಿ ಕೇನ್ ಮ್ಯೂಟಿನಿ' ಸಿನಿಮಾದ ಬೋರ್ಡು. ಮುಗೀತು! ಬೇರೆ ಕಡೆ ನೋಡಿದ್ದರೆ 'ಮೈಕೆಲ್ 101 ಡಾಲ್ಮೇಷಿಯನ್ಸ್' ಆಗ್ತಿದ್ದೆ ಅಂತ ತಮಾಷೆ ಮಾಡುತ್ತಿದ್ದರು. (ಆ ಡಾಲ್ಮೇಷಿಯನ್ಸ್ ಸಿನಿಮಾ ಬಂದದ್ದು ಎಷ್ಟೋ ವರ್ಷ ಆದಮೇಲೆ, 1961ರಲ್ಲಿ, ಇರಲಿ ಬಿಡಿ.)

1964ರ 'ಜುಲು' ಸಿನಿಮಾದಲ್ಲಿ ಈ ಕಾಕ್ನಿ (ಲಂಡನ್ನಿನ ದುಡಿಯುವ ಜನರ ಧಾಟಿಯಲ್ಲಿ ಮಾತಾಡುವ) ಹುಡುಗನಿಗೆ ಸಿಕ್ಕಿದ್ದು ಶ್ರೀಮಂತ ಮನೆತನದ ಸೇನಾಧಿಕಾರಿಯ ಪಾತ್ರ. ಆರಿಸಿದ ನಿರ್ದೇಶಕ ಅಮೆರಿಕದವರು. ಇಂಗ್ಲಿಷಿನವರಾಗಿದ್ದರೆ ಮಾತಿನ ಧಾಟಿ ಕೇಳಿಯೇ ಬೇಡ ಅನ್ನುತ್ತಿದ್ದರೇನೋ, ಅಲ್ವಾ?

ತಮಾಷೆ ಅಂದರೆ, ದಾಖಲೆಯಲ್ಲಿ ಹೆಸರು ಬದಲಿಸಿದ್ದು 2016ರಲ್ಲಿ, 80 ದಾಟಿದ ಮೇಲೆ. ಪಾಸ್‌ಪೋರ್ಟಿನ ಹೆಸರೇ ಬೇರೆ ಅಂತ ಏರ್‌ಪೋರ್ಟಿನಲ್ಲಿ ತಡವಾಗುತ್ತಿತ್ತಂತೆ.

ನನ್ನ ಟೋಕನ್ 84. ಈಗ 31 ನಡೆಯುತ್ತಿದೆ.