ಎಚ್‌ಎಸ್‌ಎ: ಡಬ್ಲ್ಯೂ-2ರಲ್ಲಿನ ಮೊತ್ತವನ್ನು ಎರಡು ಸಲ ಕಳೆಯಬೇಡಿ

ಅಮೆರಿಕದಲ್ಲಿ ಹೆಲ್ತ್ ಸೇವಿಂಗ್ಸ್ ಅಕೌಂಟ್‌ಗೆ (ಎಚ್‌ಎಸ್‌ಎ, ಅಂದರೆ ಚಿಕಿತ್ಸೆಯ ಖರ್ಚಿಗೆಂದು ತೆರಿಗೆ ವಿನಾಯಿತಿಯೊಂದಿಗೆ ಹಣ ಕೂಡಿಡುವ ಖಾತೆ) ಹಾಕಬಹುದಾದ ಹಣದ 2025ರ ಮಿತಿ ಒಬ್ಬರಿಗಾದರೆ 4,300 ಡಾಲರ್, ಕುಟುಂಬಕ್ಕೆ 8,550. ವಯಸ್ಸು 55 ಅಥವಾ ಹೆಚ್ಚಾಗಿದ್ದರೆ ಇನ್ನೂ 1,000. ಕಂಪನಿ ಹಾಕುವ ಹಣವೂ ಇದೇ ಮಿತಿಯೊಳಗೆ ಬರುತ್ತದೆ. ಹಲವರು ಎಡವುವುದು ಇಲ್ಲೇ.

ಕಂಪನಿ ಕೊಡುವ ವಾರ್ಷಿಕ ಸಂಬಳ-ತೆರಿಗೆ ಪತ್ರವಾದ ಡಬ್ಲ್ಯೂ-2ರ 12ನೇ ಬಾಕ್ಸ್‌ನಲ್ಲಿ 'ಡಬ್ಲ್ಯೂ' ಕೋಡ್ ನೋಡಿ. ಕೆಫೆಟೀರಿಯಾ ಪ್ಲಾನ್ (ತೆರಿಗೆಗೆ ಮುನ್ನವೇ ಸಂಬಳದಿಂದ ಸೌಲಭ್ಯಗಳಿಗೆ ಹಣ ಕಡಿತ ಮಾಡುವ ಕಂಪನಿಯ ಯೋಜನೆ) ಮೂಲಕ ನಿಮ್ಮ ಸಂಬಳದಿಂದ ಕಡಿತವಾದದ್ದೂ ಆ ಮೊತ್ತದಲ್ಲಿ ಸೇರಿರುತ್ತದೆ. ಅದಕ್ಕೆ ಆಗಲೇ ತೆರಿಗೆ ವಿನಾಯಿತಿ ಸಿಕ್ಕಿದೆ. ರಿಟರ್ನ್ ಜತೆ ಸಲ್ಲಿಸುವ ಎಚ್‌ಎಸ್‌ಎ ಫಾರ್ಮ್ 8889ರಲ್ಲಿ ಅದು 9ನೇ ಸಾಲಿಗೆ ಹೋಗಬೇಕು. ನಿಮ್ಮ ಬ್ಯಾಂಕ್ ಖಾತೆಯಿಂದ ನೇರವಾಗಿ ಕಟ್ಟಿದ್ದು ಮಾತ್ರ 2ನೇ ಸಾಲಿಗೆ. ಎರಡೂ ಕಡೆ ಬರೆದರೆ ಇಲ್ಲದ ಹೆಚ್ಚುವರಿ ಜಮೆ ಕಾಣಿಸಿಕೊಳ್ಳುತ್ತದೆ.

ನನ್ನ ಸಲಹೆ ಕೇಳಿದರೆ, ಸಂಬಳದಿಂದಲೇ ಕಟ್ಟಿಸಿ. ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಸೇರಿ 7.65% ತೆರಿಗೆಯೂ ಸಾಮಾನ್ಯವಾಗಿ ಉಳಿಯುತ್ತದೆ. ನೇರವಾಗಿ ಕಟ್ಟಿದರೆ ಅದು ವಾಪಸ್ ಬರುವುದಿಲ್ಲ.

ನಿಜವಾಗಿಯೂ ಹೆಚ್ಚು ಕಟ್ಟಿದ್ದರೆ, ರಿಟರ್ನ್ ಗಡುವಿನೊಳಗೆ ಆ ಹಣವನ್ನು ಅದರ ಗಳಿಕೆಯ ಸಮೇತ ಹೊರತೆಗೆಯಿರಿ. ಇಲ್ಲವಾದರೆ ಅದು ಖಾತೆಯಲ್ಲಿರುವಷ್ಟು ವರ್ಷವೂ 6% ದಂಡ ತೆರಬೇಕು.

65 ಆದ ಮೇಲೂ ಕೆಲಸದಲ್ಲಿರುವವರು ಇನ್ನಷ್ಟು ಎಚ್ಚರದಿಂದಿರಬೇಕು: ತಡವಾಗಿ ಮೆಡಿಕೇರ್‌ಗೆ ಸೇರಿದರೆ ಅದು 6 ತಿಂಗಳವರೆಗೆ ಹಿಂದಿನಿಂದಲೇ ಜಾರಿಯಾಗಬಹುದು. ಮೆಡಿಕೇರ್ ಜಾರಿಯಲ್ಲಿರುವ ತಿಂಗಳುಗಳಿಗೆ ಎಚ್‌ಎಸ್‌ಎಗೆ ಹಣ ಕಟ್ಟುವಂತಿಲ್ಲ. ಹಾಗಾಗಿ ಅರ್ಜಿಗೆ 6 ತಿಂಗಳು ಮೊದಲೇ ಜಮೆ ನಿಲ್ಲಿಸಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳ ರಾಜ್ಯ ತೆರಿಗೆಯಲ್ಲಂತೂ ಎಚ್‌ಎಸ್‌ಎ ಜಮೆಗೆ ವಿನಾಯಿತಿಯೇ ಇಲ್ಲ.